ಬಾಣಂತಿ ಮನೆಗೆ ಹೋಗುವ ಮುಂಚೆ ರುಬೆಲ್ಲಾ ಲಸಿಕೆ: ನನ್ನ ಅನುಭವ

"ಹೋದ ಸಲವೇ ಹೇಳಿದ್ರಲ್ಲ ಮೇಡಂ, ಹೆರಿಗೆ ಆದ್ಮೇಲೆ ಲಸಿಕೆ ಹಾಕ್ತೀವಿ ಅಂತ?"

ಹೀಗೆ ಕೇಳಿದಾಕೆಗೆ ಎರಡನೇ ಬಸುರಿ, ಒಂಬತ್ತು ವಾರ. ಹಳೇ ಫೈಲಿನಲ್ಲಿ ರುಬೆಲ್ಲಾ ಐಜಿಜಿ (ಆ ರೋಗ ತಡೆಯಲು ರಕ್ತದಲ್ಲಿರುವ ಪ್ರತಿಕಾಯದ ಅಳತೆ) 4 ಇತ್ತು. ಹೊಸ ರಿಪೋರ್ಟಿನಲ್ಲೂ 4. ಸಾಮಾನ್ಯವಾಗಿ 10 ಇದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ಮೊದಲ ಹೆರಿಗೆ ನಾನೇ ಮಾಡಿಸಿದ್ದೆ. ಲಸಿಕೆ ಮಾತ್ರ ಮರೆತಿದ್ದೆ.

ಈಗ ಹಾಕುವಂತಿಲ್ಲ. ಇದು ಜೀವಂತ ವೈರಸ್ಸಿನ ಲಸಿಕೆ, ಬಸುರಿನಲ್ಲಿ ಕೊಡುವುದಿಲ್ಲ. ಮೊದಲ ಹನ್ನೆರಡು ವಾರದಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿಗೆ ತೊಂದರೆ ಆಗುವ ಸಂಭವ ಶೇಕಡಾ 90ರವರೆಗೂ ಇದೆ. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ. ತಾಯಿಗೆ ಆಗುವುದು ಎರಡು ಮೂರು ದಿನದ ಸಣ್ಣ ಗಂಧೆ, ಕಿವಿಯ ಹಿಂದೆ ಗಂಟು, ಕೀಲುನೋವು, ಅಷ್ಟೇ. ಎಷ್ಟೋ ಜನಕ್ಕೆ ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಗಮನಿಸುವವರೆಗೂ ಈ ನಂಟು ಯಾರಿಗೂ ಹೊಳೆದಿರಲಿಲ್ಲ. ಹುಟ್ಟುವಾಗಲೇ ಪೊರೆ ಇದ್ದ ಕೂಸುಗಳ ತಾಯಂದಿರನ್ನು ವಿಚಾರಿಸಿದಾಗ, ಹೆಚ್ಚಿನವರಿಗೆ ಬಸುರಿನ ಶುರುವಿನಲ್ಲಿ ರುಬೆಲ್ಲಾ ಬಂದಿತ್ತು.

ಅವತ್ತು ಆಕೆಗೆ ನಾನು ಹೇಳಬಹುದಾಗಿದ್ದು ಇಷ್ಟೇ: ಜ್ವರ, ಗಂಧೆ ಇರುವವರ ಹತ್ತಿರ ಹೋಗಬೇಡಿ, ಮೈಮೇಲೆ ಏನಾದರೂ ಕಂಡರೆ ತಕ್ಷಣ ಫೋನ್ ಮಾಡಿ. ಇಪ್ಪತ್ತು ವಾರ ದಾಟುವವರೆಗೂ ನನಗೆ ಸಮಾಧಾನ ಇರಲಿಲ್ಲ.

ಅಲ್ಲಿಂದ ನನ್ನ ಅಭ್ಯಾಸ ಬದಲಾಯಿತು. ಐಜಿಜಿ ಕಮ್ಮಿ ಬಂದರೆ ಫೈಲಿನ ಹೊರಗೇ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಒಳಗೆ ಬರೆದರೆ ಯಾರೂ ನೋಡುವುದಿಲ್ಲ. ಲಸಿಕೆ ಹಾಕಿದ ಮೇಲೇ ಡಿಸ್ಚಾರ್ಜ್ ಚೀಟಿಗೆ ಸಹಿ. "ಆರು ವಾರದ ಚೆಕಪ್‌ಗೆ ಬಂದಾಗ ಹಾಕೋಣ" ಅನ್ನುವುದನ್ನು ಬಿಟ್ಟೇಬಿಟ್ಟೆ, ಎಷ್ಟೋ ಬಾಣಂತಿಯರು ಬರುವುದೇ ಇಲ್ಲ. ಹಾಲೂಡಿಸುವವರಿಗೆ ಧಾರಾಳವಾಗಿ ಕೊಡಬಹುದು. ಹೆರಿಗೆಯಲ್ಲಿ ರಕ್ತ ಏರಿಸಿದ್ದರೂ, ನೆಗೆಟಿವ್ ರಕ್ತದ ಗುಂಪಿನ ತಾಯಂದಿರಿಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರೂ ಲಸಿಕೆ ಹಾಕುತ್ತೇನೆ, ಆದರೆ ಅವುಗಳಿಂದ ಲಸಿಕೆ ಸರಿಯಾಗಿ ಹಿಡಿಯದೇ ಇರಬಹುದು, ಅದಕ್ಕೇ ಮೂರು ತಿಂಗಳಾದ ಮೇಲೆ ಐಜಿಜಿ ಮತ್ತೆ ನೋಡುತ್ತೇನೆ.

ಇದಕ್ಕಿಂತ ಒಳ್ಳೆಯದು ಬಸುರಿಗೆ ಮುಂಚೆಯೇ ಕೇಳುವುದು, ಅಲ್ವಾ? ಮುಟ್ಟಿನ ತೊಂದರೆಗೆ ಬಂದವರಿಗೂ, ಮದುವೆ ನಿಶ್ಚಯವಾದವರಿಗೂ ಈಗ ಕೇಳುತ್ತೇನೆ. "ಚಿಕ್ಕಂದಿನಲ್ಲಿ ದಡಾರ ಬಂದಿತ್ತು" ಅನ್ನುವ ಉತ್ತರ ಜಾಸ್ತಿ. ದಡಾರ ಬೇರೆ, ರುಬೆಲ್ಲಾ ಬೇರೆ, ಆ ನೆನಪನ್ನು ನಂಬುವಂತಿಲ್ಲ. ಲಸಿಕೆಯ ದಾಖಲೆ ಇಲ್ಲ, ಬಸುರಿಯೂ ಅಲ್ಲ ಅಂತಾದರೆ ರಕ್ತಪರೀಕ್ಷೆಗೆ ಕಾಯದೆ ಲಸಿಕೆ ಹಾಕುತ್ತೇನೆ. ಮೊದಲೇ ರಕ್ಷಣೆ ಇದ್ದರೂ ಅದರಿಂದ ನಷ್ಟ ಇಲ್ಲ. ಆಮೇಲೆ ಒಂದು ತಿಂಗಳು ಬಸುರಿಯಾಗಬಾರದು, ಅಷ್ಟೇ. ಗೊತ್ತಿಲ್ಲದೆ ಬಸುರಿನಲ್ಲೇ ಲಸಿಕೆ ಬಿದ್ದಿತು ಅಂತ ಅಳುತ್ತಾ ಬಂದವರೂ ಇದ್ದಾರೆ. ಆ ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ ಅಂತ ಕೂರಿಸಿಕೊಂಡು ಹೇಳುತ್ತೇನೆ.

ಆಕೆಗೆ ಹೆಣ್ಣು ಮಗು ಹುಟ್ಟಿತು. ಕಣ್ಣು, ಕಿವಿ, ಹೃದಯ ಎಲ್ಲ ಸರಿಯಿತ್ತು. ಮೂರನೇ ದಿನ ಬೆಳಿಗ್ಗೆ ಹಾಲೂಡಿಸುತ್ತಲೇ ಆಕೆ ಎಡತೋಳು ಚಾಚಿದಳು. ಈ ಸಲ ಇಂಜೆಕ್ಷನ್ ನಾನೇ ಕೊಟ್ಟೆ, ಫೈಲಿನ ಮೇಲೆ ತಾರೀಕು ಬರೆದೆ.