ಲಿವರ್ ಗಡ್ಡೆಯ ಸ್ಕ್ಯಾನ್ ಮತ್ತು ಜೀನ್: ನಾನು ಜೋಡಿಸಿ ನೋಡಿದ ಬಗೆ

ಸಿರೋಸಿಸ್ ಇರುವ, ಅಂದರೆ ಕಲೆಗಟ್ಟಿ ಗಡುಸಾದ ಲಿವರ್‌ನಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಗಡ್ಡೆ ಅಪಧಮನಿ ಹಂತದಲ್ಲಿ (ರಕ್ತನಾಳಕ್ಕೆ ಚುಚ್ಚಿದ ಕಾಂಟ್ರಾಸ್ಟ್ ದ್ರವ ಮುಖ್ಯವಾಗಿ ಅಪಧಮನಿಗಳಲ್ಲಿರುವಾಗ ತೆಗೆದ ಚಿತ್ರದಲ್ಲಿ) ಬೆಳಗಿ, ನಂತರದ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಕಪ್ಪಾದರೆ, ನಾವು ರೇಡಿಯಾಲಜಿಯವರು ಬಯಾಪ್ಸಿಗೆ ಕಾಯದೆ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ (ಲಿವರ್ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್) ಎಂದು ಬರೆದುಬಿಡುತ್ತೇವೆ. ರೋಗಿಗೆ ಸೂಜಿಯ ಕಾಟ ತಪ್ಪುತ್ತದೆ, ನಿಜ. ಆದರೆ ಜೀನ್ ಪರೀಕ್ಷೆಗೆ ಬೇಕಾದ ಚೂರೂ ಸಿಗುವುದಿಲ್ಲ. ಚಿತ್ರದಿಂದಲೇ ಜೀನಿನ ಸುಳಿವು ಸಿಗಬಹುದೇ ಎಂದು ನಾನು ಹುಡುಕಲು ಹೊರಟದ್ದು ಈ ಕಾರಣಕ್ಕೆ.

ಸ್ಕ್ಯಾನ್ ಮತ್ತು ಜೀನ್ ವರದಿ ಎರಡೂ ಇರುವ ರೋಗಿಗಳು ನನ್ನ ಬಳಿ ತೀರಾ ಕಡಿಮೆ. ಹಾಗಾಗಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನ ಲಿವರ್ ಸಂಗ್ರಹದಿಂದ ಶುರುಮಾಡಿದೆ. ಅಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳ ಜೀನ್ ಮಾಹಿತಿ ಇದೆ. ಚಿತ್ರಗಳಿರುವುದು 97 ಜನರದು ಮಾತ್ರ. ಮಾದರಿಯ ಸಂಕೇತದಲ್ಲಿ ಮೊದಲ 12 ಅಕ್ಷರಗಳು ರೋಗಿಯನ್ನು ಸೂಚಿಸುತ್ತವೆ. ಅದರ ಮುಂದೆ 01 ಎಂದಿದ್ದರೆ ಗಡ್ಡೆ, 11 ಎಂದಿದ್ದರೆ ಪಕ್ಕದ ಸಹಜ ಅಂಗಾಂಶ. ಇದನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು.

ಹೆಚ್ಚು ಸಮಯ ತಿಂದದ್ದು ಚಿತ್ರಗಳನ್ನು ಕಾಂಟ್ರಾಸ್ಟ್ ಹಂತಗಳ ಪ್ರಕಾರ ವಿಂಗಡಿಸುವುದು. ಫೈಲಿನ ಹೆಸರನ್ನು ನಾನು ನಂಬುವುದಿಲ್ಲ; ರಕ್ತನಾಳಗಳನ್ನು ನೋಡುತ್ತೇನೆ. ಮಹಾಪಧಮನಿ ಹೊಳೆಯುತ್ತಿದ್ದು, ಲಿವರ್‌ಗೆ ರಕ್ತ ತರುವ ಪೋರ್ಟಲ್ ಸಿರೆಗೆ ಆಗಷ್ಟೇ ಕಾಂಟ್ರಾಸ್ಟ್ ಬಂದು, ಲಿವರ್‌ನಿಂದ ರಕ್ತ ಒಯ್ಯುವ ಹೆಪಾಟಿಕ್ ಸಿರೆಗಳು ಇನ್ನೂ ತುಂಬಿರದಿದ್ದರೆ ಅದು ನನಗೆ ಬೇಕಾದ ಅಪಧಮನಿ ಹಂತ. ಗಡ್ಡೆಯ ಅಂಚನ್ನು ಸ್ಲೈಸರ್ ಎಂಬ ಚಿತ್ರ ತಂತ್ರಾಂಶದಲ್ಲಿ ಕೈಯಾರೆ ಗುರುತಿಸಿದೆ.

ಚಿತ್ರದ ಲಕ್ಷಣಗಳನ್ನು ಅಂಕಿಗಳಾಗಿಸುವ ಪೈರೇಡಿಯೋಮಿಕ್ಸ್ ತಂತ್ರಾಂಶಕ್ಕೆ ಕೊಟ್ಟರೆ ಒಂದು ಗಡ್ಡೆಗೆ ಸಾವಿರಕ್ಕೂ ಹೆಚ್ಚು ಅಂಕಿಗಳು ಉದುರುತ್ತವೆ. ನೂರು ಜನರೂ ಇಲ್ಲದ ಕಡೆ ಸಾವಿರ ಅಂಕಿಗಳನ್ನು ಹರವಿದರೆ ಯಾವುದಾದರೊಂದು ಯಾವುದೋ ಜೀನಿಗೆ ಹೊಂದಿಯೇ ಹೊಂದುತ್ತದೆ. ಅಂಥ ಹೊಂದಾಣಿಕೆಗೆ ನಾನು ಬೆಲೆ ಕೊಡುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಡ್ಡೆಯೊಳಗಿನ ಅಪಧಮನಿಗಳು, ಸುತ್ತಲಿನ ಕಪ್ಪು ವಲಯ, ಗಡ್ಡೆಗೂ ಲಿವರ್‌ಗೂ ನಡುವಿನ ಎದ್ದುಕಾಣುವ ವ್ಯತ್ಯಾಸ ಎಂಬ ಮೂರೇ ಲಕ್ಷಣಗಳಿಂದ ಕ್ಯಾನ್ಸರ್ ಸೂಕ್ಷ್ಮ ರಕ್ತನಾಳಗಳಿಗೆ ಹರಡಿರುವುದನ್ನು ಊಹಿಸಿತ್ತು. ನನಗೆ ಒಪ್ಪಿಗೆಯಾಗುವ ದಾರಿ ಅದು.

ಅದಕ್ಕಿಂತ ಗಟ್ಟಿಯಾದ ಕೊಂಡಿ ಬೀಟಾ ಕ್ಯಾಟೆನಿನ್ ಜೀನಿನದು. ಗ್ಯಾಡೊಕ್ಸೆಟೇಟ್ ಎಂಬ ಎಂಆರ್‌ಐ ಕಾಂಟ್ರಾಸ್ಟ್ ಅನ್ನು ಲಿವರ್ ಕೋಶಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಸುಮಾರು 20 ನಿಮಿಷದ ನಂತರ ತೆಗೆದ ಚಿತ್ರದಲ್ಲಿ ಲಿವರ್ ಬೆಳ್ಳಗಿರುತ್ತದೆ, ಹೆಚ್ಚಿನ ಕ್ಯಾನ್ಸರ್ ಗಡ್ಡೆಗಳು ಕಪ್ಪಗಿರುತ್ತವೆ. ಬೀಟಾ ಕ್ಯಾಟೆನಿನ್ ಬದಲಾಗಿರುವ ಗಡ್ಡೆಗಳಲ್ಲಿ ಈ ಕಾಂಟ್ರಾಸ್ಟನ್ನು ಒಳಗೊಯ್ಯುವ ಒಎಟಿಪಿ1ಬಿ3 ಎಂಬ ಪ್ರೋಟೀನ್ ಹೆಚ್ಚಾಗಿ ತಯಾರಾಗುವುದರಿಂದ ಅವುಗಳಲ್ಲಿ ಹಲವು ಬೆಳ್ಳಗೇ ಉಳಿಯುತ್ತವೆ. ಜೀನಿನಿಂದ ಪ್ರೋಟೀನ್, ಪ್ರೋಟೀನಿನಿಂದ ಚಿತ್ರ: ನಡುವಿನ ಮೆಟ್ಟಿಲುಗಳು ಕಾಣುತ್ತವೆ, ಅದಕ್ಕೇ ನಂಬುತ್ತೇನೆ. ಹಾಗೆಂದು ಬೆಳ್ಳಗಿರುವುದೆಲ್ಲ ಆ ಬದಲಾವಣೆಯೇ ಅಲ್ಲ. ಸಿರೋಸಿಸ್ ಮುಂದುವರಿದಿದ್ದರೆ ಲಿವರೇ ಕಾಂಟ್ರಾಸ್ಟ್ ಹೀರದೆ ಮಂಕಾಗಿ ಹೋಲಿಕೆ ಕೆಡುತ್ತದೆ. ಅಲ್ಲದೆ ನನ್ನ ಬಳಿ ಬರುವ ಬಹುಪಾಲು ರೋಗಿಗಳ ಕೈಯಲ್ಲಿರುವುದು ಸಿಟಿ ಮಾತ್ರ, ಈ ಎಂಆರ್‌ಐ ಅಲ್ಲ. ಬೀಟಾ ಕ್ಯಾಟೆನಿನ್ ಬದಲಾದ ಗಡ್ಡೆಗಳಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಅಷ್ಟಾಗಿ ನಾಟುವುದಿಲ್ಲ ಎಂಬ ವಾದವೂ ಇದೆ. ಅದು ಇತ್ಯರ್ಥವಾಗಿಲ್ಲ, ಚಿತ್ರವೊಂದನ್ನೇ ನೋಡಿ ಔಷಧ ಬದಲಿಸಿ ಎಂದು ನಾನು ಹೇಳುವುದಿಲ್ಲ.

ಈ ಕೊಂಡಿಗಳು ಸದ್ಯಕ್ಕೆ ನನಗೆ ನೆರವಾಗುತ್ತಿರುವುದು ಸೂಜಿ ಎಲ್ಲಿ ಚುಚ್ಚಬೇಕು ಎಂದು ನಿರ್ಧರಿಸುವಾಗ. ಒಂದೇ ಗಡ್ಡೆಯ ಎರಡು ಭಾಗಗಳಲ್ಲಿ ಜೀನ್ ಬದಲಾವಣೆಗಳು ಬೇರೆ ಬೇರೆ ಇರಬಹುದು. ಅಟ್ಲಾಸ್‌ನಲ್ಲಿ ಎದುರಾದ ದೊಡ್ಡ ತೊಡಕೂ ಅದೇ: ಪರೀಕ್ಷೆಗೆ ಹೋದ ಚೂರು ಚಿತ್ರದ ಯಾವ ಮೂಲೆಯದೆಂದು ತಿಳಿಯುವುದಿಲ್ಲ. ಆದ್ದರಿಂದ ಬಯಾಪ್ಸಿ ಮಾಡುವಾಗ ಸತ್ತ ಭಾಗವನ್ನು ಬಿಟ್ಟು, ಬೇರೆಯಾಗಿ ಬೆಳಗುವ ಪ್ರತಿ ಭಾಗದಿಂದಲೂ ಸಾಧ್ಯವಾದರೆ ಒಂದೊಂದು ಎಳೆ ತೆಗೆಯುತ್ತೇನೆ. ಸೂಜಿಯ ತುದಿ ನಿಂತ ಜಾಗದ ಚಿತ್ರವನ್ನು ಉಳಿಸಿ, ಬಾಟಲಿಯ ಮೇಲೆ ಲಿವರ್‌ನ ಸೆಗ್ಮೆಂಟ್ ಸಂಖ್ಯೆಯ ಜೊತೆ ಗಡ್ಡೆಯ ಯಾವ ಭಾಗ ಎಂಬುದನ್ನೂ ಬರೆಸುತ್ತೇನೆ.