ಹಳೆಯ ವಿಳಾಸಗಳನ್ನು ಕೊಳ್ಳದೆ ಜಾಲ ನಡೆಸಿದ್ದು

ನಮ್ಮ ಜಾಲದ ಸುಮಾರು 900 ಸಾಧನಗಳಲ್ಲಿ 700ರಷ್ಟು ಇಂದು ಅಂತರಜಾಲದ ಹಳೆಯ ಬಗೆಯ ವಿಳಾಸವಾದ ಐಪಿವಿ4 ಅನ್ನೇ ಹಿಡಿದುಕೊಳ್ಳುವುದಿಲ್ಲ, ಹೊಸ ಬಗೆಯ ಐಪಿವಿ6 ವಿಳಾಸದಲ್ಲೇ ನಡೆಯುತ್ತವೆ. "ಇದು ಆಗುವ ಮಾತಲ್ಲ, ಹಳೆಯ ವಿಳಾಸಗಳನ್ನೇ ಇನ್ನಷ್ಟು ಕೊಳ್ಳೋಣ" ಎಂದು ಪಟ್ಟು ಹಿಡಿದವರಿಗೆ ಇದೇ ನನ್ನ ಉತ್ತರ. ಪ್ರತಿ ಸಾಧನಕ್ಕೂ ಸಾರ್ವಜನಿಕ ವಿಳಾಸ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹೊಸದಾಗಿ ಕೊಳ್ಳಲು ಕೇಳಿದ ಬೆಲೆ ನಮ್ಮ ವಿಭಾಗದ ಎರಡು ವರ್ಷದ ಬಜೆಟ್ ನುಂಗುವಷ್ಟಿತ್ತು. 2011ರ ಫೆಬ್ರವರಿಯಲ್ಲೇ ಜಾಗತಿಕ ದಾಸ್ತಾನು ಬರಿದಾದ ಸರಕಿಗೆ ಅಷ್ಟು ಹಣ ಸುರಿಯಲು ನಾನು ಒಪ್ಪಲಿಲ್ಲ.

ಮೊದಲು ಕೈಸುಟ್ಟುಕೊಂಡದ್ದು ಐಪಿವಿ4, ಐಪಿವಿ6 ಎರಡನ್ನೂ ಜೊತೆಜೊತೆಗೆ ನಡೆಸುವ ಡ್ಯುಯಲ್ ಸ್ಟ್ಯಾಕ್‌ನಲ್ಲಿ. ವರ್ಷವಿಡೀ, ಜಾಲದ ಸಂಚಾರವನ್ನು ಸೋಸುವ ಫೈರ್‌ವಾಲ್ ನಿಯಮಗಳನ್ನು ಎರಡೆರಡು ಸಲ ಬರೆದೆ, ನಿರ್ವಹಣೆಯ ಖರ್ಚು ಮೂರರಲ್ಲೊಂದು ಪಾಲು ಏರಿತು, ಹಳೆಯ ವಿಳಾಸ ಮಾತ್ರ ಒಂದೂ ಉಳಿಯಲಿಲ್ಲ.

ಅದಕ್ಕಿಂತ ಕಾಡಿದ್ದು ಎಂಟಿಯು, ಅಂದರೆ ಒಂದು ಸಲಕ್ಕೆ ಸಾಗಬಲ್ಲ ಪ್ಯಾಕೆಟ್ಟಿನ (ದತ್ತಾಂಶದ ಕಟ್ಟಿನ) ಗರಿಷ್ಠ ಗಾತ್ರ. ಆಗ ಸೇವಾದಾತರು ಐಪಿವಿ6 ಕೊಡುತ್ತಿರಲಿಲ್ಲ, ಐಪಿವಿ6 ಪ್ಯಾಕೆಟ್ಟನ್ನು ಐಪಿವಿ4ರೊಳಗೆ ತುಂಬಿ ಕಳಿಸುವ ಟನೆಲ್ ಮೂಲಕ ಹೋಗುತ್ತಿದ್ದೆವು. ಸಣ್ಣ ಮಿಂಚಂಚೆ ಸಲೀಸಾಗಿ ಹೋಗುತ್ತಿತ್ತು, ದೊಡ್ಡ ಲಗತ್ತಿದ್ದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ವಾರ ಕೇಬಲ್, ಸ್ವಿಚ್ ಎಲ್ಲ ಬದಲಿಸಿ ನೋಡಿದೆ. ಕೊನೆಗೊಂದು ರಾತ್ರಿ, ಆಚೆ ತುದಿಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶವಾದ ಪಿಂಗ್‌ನ ಗಾತ್ರವನ್ನು ಒಂದೊಂದೇ ಬೈಟ್ ಏರಿಸುತ್ತ ಕುಳಿತೆ. 1432ಕ್ಕೆ ಉತ್ತರ ಬಂತು, 1433ಕ್ಕೆ ಬರಲಿಲ್ಲ. ಪ್ಯಾಕೆಟ್ಟಿನ ತಲೆಗೆ ಅಂಟುವ ಹೆಡರ್‌ಗಳ 48 ಬೈಟ್ ಕೂಡಿಸಿದರೆ ಸರಿಯಾಗಿ 1480, ಟನೆಲ್‌ನ ಮಿತಿ! ಐಪಿವಿ6ನಲ್ಲಿ ನಡುದಾರಿಯ ರೂಟರ್ ಪ್ಯಾಕೆಟ್ಟನ್ನು ತುಂಡರಿಸುವುದಿಲ್ಲ, ದೊಡ್ಡದಾಯಿತೆಂದು ಕಳಿಸಿದವರಿಗೇ ಐಸಿಎಂಪಿ (ಜಾಲದ ಸ್ಥಿತಿ, ದೋಷ ತಿಳಿಸುವ) ಸಂದೇಶ ಕಳಿಸುತ್ತದೆ. ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ತಡೆಯುವ ಹಳೆಯ ರೂಢಿಯಂತೆ ನಮ್ಮ ಫೈರ್‌ವಾಲ್ ಆ ಸಂದೇಶವನ್ನು ನುಂಗುತ್ತಿತ್ತು. ಒಂದು ಸಾಲಿನ ನಿಯಮ ಬರೆದೆ, ಲಗತ್ತು ಹೊರಟಿತು.

ನಡುವೆ, ಒಂದೊಂದು ಉಪಜಾಲಕ್ಕೆ ಕೊಡುವ /64 ಎಂಬ ದೊಡ್ಡ ವಿಳಾಸಗುಚ್ಛ ಪೋಲಾಗುತ್ತದೆಂದು ಅದನ್ನು ತೀರ ಚಿಕ್ಕದಾದ /120ಕ್ಕೆ ಕತ್ತರಿಸಿಯೂ ನೋಡಿದೆ. ಸಾಧನಗಳು ತಾವೇ ವಿಳಾಸ ರಚಿಸಿಕೊಳ್ಳುವುದು ನಿಂತಿತು. ಐಪಿವಿ6 ವಿಳಾಸ ಹಂಚುವ ಸೇವೆಯಾದ ಡಿಎಚ್‌ಸಿಪಿವಿ6 ಹಚ್ಚಿದರೆ ಆಂಡ್ರಾಯ್ಡ್ ಫೋನ್‌ಗಳು ಅದರಿಂದ ವಿಳಾಸ ಪಡೆಯಲಿಲ್ಲ. ಮರಳಿ /64ಕ್ಕೇ ಬಂದೆ.

ಗೆಲ್ಲಿಸಿದ್ದು ಐಪಿವಿ6 ಸಂಚಾರವನ್ನು ಐಪಿವಿ4ಕ್ಕೆ ಅನುವಾದಿಸುವ ನ್ಯಾಟ್64, ಐಪಿವಿ4 ಮಾತ್ರ ಇರುವ ತಾಣದ ಹೆಸರು ಕೇಳಿದರೂ ಐಪಿವಿ6 ವಿಳಾಸ ಕಟ್ಟಿಕೊಡುವ ಡಿಎನ್‌ಎಸ್64 ಮತ್ತು ಐಪಿವಿ4 ವಿಳಾಸ ಹಂಚುವ ಡಿಎಚ್‌ಸಿಪಿಯ 108ನೇ ಆಯ್ಕೆ. ಆ ಆಯ್ಕೆಯನ್ನು ಬಲ್ಲ ಫೋನ್ ಐಪಿವಿ4 ಬೇಡವೆಂದು ತಾನೇ ಬಿಟ್ಟುಕೊಡುತ್ತದೆ, ಅರಿಯದ ಪ್ರಿಂಟರ್‌ಗೆ ಎಂದಿನಂತೆ ವಿಳಾಸ ಸಿಗುತ್ತದೆ. ಮೂಲೆಗೆ ಬಿದ್ದಿದ್ದ ಸರ್ವರ್ ಮತ್ತು ಉಚಿತ ತಂತ್ರಾಂಶ ಇಷ್ಟಕ್ಕೆ ಸಾಕಾಯಿತು. ಮೂರು ವಾರ ಒಂದು ಮಹಡಿಯಲ್ಲಿ ನಡೆಸಿದೆ, ಒಂದೂ ದೂರು ಬರಲಿಲ್ಲ. ಯಾವ ಸಾಧನ ಕೈಕೊಡುತ್ತದೆಂದು ಮೊದಲೇ ಪತ್ತೆ ಹಚ್ಚುವ ನನ್ನ ಸ್ಕ್ರಿಪ್ಟ್ ಮಾತ್ರ ಸದ್ಯ ನನ್ನಲ್ಲೇ ಇರಲಿ.

ಉಳಿದ ತೊಡಕು ಒಂದು ಹಾಜರಾತಿ ಯಂತ್ರ. ಅದರೊಳಗೆ ಸರ್ವರ್‌ನ ಐಪಿವಿ4 ವಿಳಾಸವನ್ನೇ ನೇರವಾಗಿ ಬರೆದಿದ್ದಾರೆ. ಹೆಸರನ್ನೇ ಕೇಳದ ಯಂತ್ರಕ್ಕೆ ಡಿಎನ್‌ಎಸ್64 ಏನೂ ಮಾಡಲಾರದು. ಅದಕ್ಕೆ ಬೇರೆ ಉಪಜಾಲ, ಅಂದರೆ ವಿಎಲ್‌ಎಎನ್ ಕೊಟ್ಟಿದ್ದೇನೆ, ಬದಲಿಸುವ ಕೋರಿಕೆಯನ್ನೂ ಸಲ್ಲಿಸಿದ್ದೇನೆ.