ಪಿಕಪ್ ಇಲ್ಲ, ಸುಂಯ್ ಸದ್ದು: ಟರ್ಬೊ ಬಿಚ್ಚದೆ ಸರಿ ಮಾಡಿದ್ದು

"ಟರ್ಬೊ ಹೋಗಿದೆ ಸಾರ್, ಬೇರೆ ಮಾತೇ ಇಲ್ಲ" ಅಂತ ನನ್ನ ಹಳೆ ಡೀಸೆಲ್ ಗಾಡಿ ನೋಡಿ ಮೂರ್ನಾಲ್ಕು ಕಡೆ ಹೇಳಿದರು. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು. ಒಂದು ಕಡೆ ಎಸ್ಟಿಮೇಟ್ ಎರಡೂಕಾಲು ಲಕ್ಷ. ಕೆಳಗಿಂದ ಬರುವ ಗುಡುಗುಡು ಸದ್ದಿಗೆ ಗೇರ್‌ಬಾಕ್ಸ್ ಇಳಿಸಬೇಕು, ಅದು ಬೇರೆ ಲೆಕ್ಕ ಅಂದರು. ಕೊನೆಗೆ ನನಗೆ ಎಲ್ಲಾ ಸೇರಿ ಆದ ಖರ್ಚು 30 ಸಾವಿರದ ಆಸುಪಾಸು. ಟರ್ಬೊ, ಗೇರ್‌ಬಾಕ್ಸ್ ಎರಡೂ ಹಳೆಯವೇ ಇವೆ. ಅವತ್ತು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2014ರ ಮಾಡೆಲ್, ಜರ್ಮನ್ ಎಸ್‌ಯುವಿ, 3 ಲೀಟರ್ ವಿ6 ಡೀಸೆಲ್. ಕಂಪನಿ ಹೆಸರು ಬೇಡ, ವಯಸ್ಸಾದ ಯಾವ ಟರ್ಬೊ ಡೀಸೆಲ್‌ಗೂ ಈ ರೋಗ ಬರುತ್ತದೆ. ಮೊದಲ ಮಾಲೀಕ 60 ಲಕ್ಷದ ಮೇಲೆ ಕೊಟ್ಟಿದ್ದು ನನಗೆ 15ರ ಹತ್ತಿರ ಸಿಕ್ಕಿತು. ಗಾಡಿ ರೇಟು ಇಳಿಯುತ್ತದೆ, ಪಾರ್ಟ್ಸ್ ರೇಟು ಇಳಿಯಲ್ಲ ಅಲ್ವಾ?

ಊರೊಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಗುಂಡ್ಯದಿಂದ ಸಕಲೇಶಪುರದ ಕಡೆ ಶಿರಾಡಿ ಘಾಟಿ ಹತ್ತುವಾಗ 2000 ಆರ್‌ಪಿಎಂ ದಾಟಿದರೆ ಸುಂಯ್ ಅಂತ ಸದ್ದು, ಪಿಕಪ್ ಮಾಯ, ಆಮೇಲೆ ಲಿಂಪ್ ಮೋಡ್, ಅಂದರೆ ಇಂಜಿನ್ ತಾನೇ ಪವರ್ ಕಡಿಮೆ ಮಾಡಿಕೊಂಡು ಕುಂಟುತ್ತದೆ. ಸ್ಕ್ಯಾನರಿನಲ್ಲಿ ಪಿ0299 ಅನ್ನುವ ದೋಷದ ಕೋಡ್, ಅಂಡರ್‌ಬೂಸ್ಟ್. ಅಂದರೆ ಟರ್ಬೊ ಒತ್ತುವ ಗಾಳಿಯ ಪ್ರೆಷರ್ (ಬೂಸ್ಟ್) ಬೇಕಾದಷ್ಟು ಬರುತ್ತಿಲ್ಲ. ಈ ಕೋಡ್ ನೋಡಿದರೆ ಸಾಕು, ಎಲ್ಲರ ಬಾಯಲ್ಲೂ ಟರ್ಬೊ.

ನಾನು ಕೋಡ್ ಬಿಟ್ಟು ಲೈವ್ ಡೇಟಾ, ಅಂದರೆ ಸೆನ್ಸರುಗಳು ಆ ಕ್ಷಣಕ್ಕೆ ಕೊಡುವ ರೀಡಿಂಗ್, ಹಿಡಿದೆ. ಮೊದಲು ಇಂಜಿನ್ ಆಫ್, ಇಗ್ನಿಷನ್ ಆನ್ ಮಾಡಿ ಬೂಸ್ಟ್ ಸೆನ್ಸರ್ ಓದಬೇಕು, ಆಗ ಹೊರಗಿನ ಗಾಳಿಯ ಪ್ರೆಷರೇ ಕಾಣುತ್ತದೆ. ಬೆಂಗಳೂರಿನ ಎತ್ತರಕ್ಕೆ 910 ಮಿಲಿಬಾರ್ ಹತ್ತಿರ ಬರಬೇಕು, ಮಂಗಳೂರಿನಲ್ಲಾದರೆ 1010. ನನ್ನದು ಸರಿಯಾಗಿತ್ತು, ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಆಮೇಲೆ ಕುಣಿಗಲ್ ರಸ್ತೆಯಲ್ಲಿ ಮೂರನೇ ಗೇರ್ ಹಿಡಿದು ಪೂರ್ತಿ ಆಕ್ಸಿಲರೇಟರ್. ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಕೇಳಿದ್ದು 2300 ಮಿಲಿಬಾರ್ ಹತ್ತಿರ, ಬಂದಿದ್ದು 1700 ದಾಟಲಿಲ್ಲ.

ಇಲ್ಲೇ ಎಲ್ಲರೂ ಟರ್ಬೊಗೆ ತೀರ್ಪು ಕೊಟ್ಟುಬಿಡುವುದು. ಆದರೆ ಪಕ್ಕದಲ್ಲೇ ಏರ್‌ಮಾಸ್, ಅಂದರೆ ಒಳಗೆ ಎಳೆದುಕೊಂಡ ಗಾಳಿ ಎಷ್ಟು ಅನ್ನುವ ರೀಡಿಂಗ್ ಇರುತ್ತದೆ, ಅದನ್ನು ಯಾರೂ ನೋಡಲ್ಲ. ಟರ್ಬೊ ಸುಸ್ತಾಗಿದ್ದರೆ ಬೂಸ್ಟ್ ಜೊತೆ ಏರ್‌ಮಾಸ್ ಕೂಡ ಕಮ್ಮಿ ಇರಬೇಕು. ನನ್ನದರಲ್ಲಿ ಬೂಸ್ಟ್ ಕಮ್ಮಿ, ಏರ್‌ಮಾಸ್ ಮಾತ್ರ ಜಾಸ್ತಿ. ಗಾಳಿ ಒಳಗೆ ಹೋಗುತ್ತಿದೆ, ಇಂಜಿನ್ ತಲುಪುತ್ತಿಲ್ಲ. ದಾರಿಯಲ್ಲೆಲ್ಲೋ ಸೋರುತ್ತಿದೆ.

ಎಲ್ಲಿ ಅಂತ ಹುಡುಕುವುದಕ್ಕೇ ಸಾಕುಸಾಕಾಯಿತು. ಒಂದು ಗ್ಯಾರೇಜಿನಲ್ಲಿ 2000 ರೂಪಾಯಿ ತೆಗೆದುಕೊಂಡು, ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿದರು, ಹೊಗೆ ಎಲ್ಲೂ ಬರಲಿಲ್ಲ. "ನೋಡಿ, ಲೀಕ್ ಇಲ್ಲ, ಟರ್ಬೊನೇ" ಅಂದರು. ಹಟಕ್ಕೆ ಮನೆಯಲ್ಲಿ ಡಬ್ಬಿಯಲ್ಲಿ ಸಾಂಬ್ರಾಣಿ ಹಾಕಿ ಹೊಗೆ ಬಿಟ್ಟೆ. ಮನೆಯವರು ಬಂದು ಗಾಡಿಗೆ ಪೂಜೆನಾ ಅಂತ ಕೇಳಿದರು. ಅದೂ ಫೇಲ್. ಸ್ಮೋಕ್ ಮೆಷಿನ್ನಿನಲ್ಲಿ ಪ್ರೆಷರ್ ಬಹಳ ಕಮ್ಮಿ, ನನ್ನ ಸೋರಿಕೆ ಪ್ರೆಷರ್ ಏರಿದರೆ ಮಾತ್ರ ಬಾಯಿ ಬಿಡುವಂಥದ್ದು.

ಹಾಗಾಗಿ ಪಿವಿಸಿ ಎಂಡ್ ಕ್ಯಾಪಿಗೆ ಟೈರ್ ವಾಲ್ವ್ ಕೂರಿಸಿ, ಟರ್ಬೊ ಬಾಯಿಗೆ ಹಾಕಿ, ರೆಗ್ಯುಲೇಟರ್ ಇಟ್ಟು ಕಂಪ್ರೆಸರ್ ಗಾಳಿ ಬಿಟ್ಟೆ. ಮೊದಲ ಸಲ ಕ್ಯಾಪ್ ಹಾರಿ ಗೋಡೆಗೆ ಬಡಿಯಿತು. ಮುಖ ಅಡ್ಡ ಇಟ್ಟು ನಿಲ್ಲಬೇಡಿ. ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಮುಚ್ಚದಿದ್ದರೆ ಗಾಳಿಯೆಲ್ಲ ಇಂಜಿನ್ ತಳದ ಆಯಿಲ್ ಸಂಪ್‌ಗೆ ಹೋಗುತ್ತದೆ, ಆಯಿಲ್ ಕ್ಯಾಪ್ ಸಡಿಲ ಇಡಿ. ಕ್ಯಾಪ್ ಹಾರದಂತೆ ಹೇಗೆ ಹಿಡಿದೆ ಅನ್ನುವುದನ್ನು ಬರೆಯಲ್ಲ, ಗ್ಯಾರೇಜ್ ಸ್ನೇಹಿತನೊಬ್ಬ ಅದರಲ್ಲಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದಾನೆ.

ತಣ್ಣಗಿದ್ದಾಗ 1 ಬಾರ್‌ಗೂ ಏನೂ ಕಾಣಲಿಲ್ಲ. ಗಾಡಿ ಓಡಿಸಿ ಬಿಸಿ ಮಾಡಿ ಬಂದು, ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರು ಸ್ಪ್ರೇ ಮಾಡಿದೆ. ಟರ್ಬೊ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರಿಂದ ಮೇಲೆ ಬರುವ ಹೋಸಿನ ಕೆಳಮೈಯಲ್ಲಿ, ಕ್ಲಾಂಪಿನಿಂದ ಎರಡು ಬೆರಳು ಹಿಂದೆ, ನೊರೆ ಉಬ್ಬಿ ಉಬ್ಬಿ ಒಡೆಯುತ್ತಿತ್ತು. ಒರೆಸಿ ನೋಡಿದರೆ ಆಯಿಲ್ ಜಿಡ್ಡಿಗೆ ಧೂಳು ಮೆತ್ತಿದ ಸಣ್ಣ ಗೆರೆ, ಅಷ್ಟೇ. ಹೋಸ್ ಬಗ್ಗಿಸಿದಾಗ ಬಾಯಿ ಬಿಟ್ಟಿತು. ಒರಿಜಿನಲ್ ಹೋಸೇ ಹಾಕಿದೆ, 14 ಸಾವಿರ ಚಿಲ್ಲರೆ. ಲೋಕಲ್ ಸಿಲಿಕಾನ್ ಹೋಸ್ ಅರ್ಧ ರೇಟಿಗೆ ಸಿಗುತ್ತದೆ, ನನಗೆ ನಂಬಿಕೆ ಇಲ್ಲ.

ಇನ್ನು ಗುಡುಗುಡು ಸದ್ದು. ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಮಾಡಿದರೂ ಬರುವುದಿಲ್ಲ, ಸ್ಪೀಡಿಗೆ ತಕ್ಕ ಹಾಗೆ ಬದಲಾಗುತ್ತದೆ. ಮೊಬೈಲನ್ನು ನೆಲಕ್ಕೆ ಟೇಪ್ ಹಚ್ಚಿ ವೈಬ್ರೇಶನ್ ಆ್ಯಪ್ ಹಾಕಿದೆ. 60ರ ಸ್ಪೀಡಿನಲ್ಲಿ ಚಕ್ರ ಸೆಕೆಂಡಿಗೆ ಏಳು ಸುತ್ತಿಗಿಂತ ತುಸು ಜಾಸ್ತಿ. ಗೇರ್‌ಬಾಕ್ಸಿಂದ ಚಕ್ರದ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರ ಒಂದು ಸುತ್ತುವಷ್ಟರಲ್ಲಿ 3.7 ಸುತ್ತುತ್ತದೆ (ಡಿಫರೆನ್ಷಿಯಲ್ ರೇಷಿಯೋ), ಗುಣಿಸಿದರೆ ಸೆಕೆಂಡಿಗೆ 27ರ ಹತ್ತಿರ. ಆ್ಯಪ್ ತೋರಿಸಿದ್ದೂ 26-27 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟೇ ಸಲ ನಡುಕ. ಜಾಕಿ ಕೊಟ್ಟು ಕೆಳಗೆ ಹೋದರೆ ಶಾಫ್ಟನ್ನು ನಡುವೆ ಹಿಡಿಯುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದು ಶಾಫ್ಟ್ ಕೈಯಲ್ಲೇ ಅಲುಗಾಡುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗ್ 7 ಸಾವಿರ, ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡಿಸಿದ್ದು 4 ಸಾವಿರ ಇರಬಹುದು. ಬಿಚ್ಚುವ ಮೊದಲು ಶಾಫ್ಟಿನ ಎರಡೂ ಕಡೆ ಪೇಂಟ್ ಮಾರ್ಕ್ ಹಾಕಿ, ಇಲ್ಲದಿದ್ದರೆ ಹೊಸ ವೈಬ್ರೇಶನ್ ಶುರು.

ಇದೇ ಆ್ಯಪ್ ಹಿಡಿದು ಸುಮ್ನೆ ತಮ್ಮನ ಇನ್ನೋವಾ, ನಮ್ಮ ವಾಷಿಂಗ್ ಮೆಷಿನ್ ಎಲ್ಲ ನೋಡಿದ್ದಾಯಿತು. ಮೆಷಿನ್ನಿನ ಒಂದು ಕಾಲು ಕುಳ್ಳಗಿತ್ತು.

ಈಗ ಕುಣಿಗಲ್ ರಸ್ತೆಯಲ್ಲಿ ಬೂಸ್ಟ್ 2250 ಮುಟ್ಟುತ್ತದೆ, ಶಿರಾಡಿಯಲ್ಲಿ ಲಿಂಪ್ ಮೋಡ್ ಬಂದಿಲ್ಲ. ಉಳಿದಿರುವುದು ಬೆಳಗ್ಗೆ ಮೊದಲ ಸ್ಟಾರ್ಟಿಗೆ ಬೆಲ್ಟ್ ಕಡೆಯಿಂದ ಬರುವ ಕಿರ್ ಸದ್ದು. ಬೆಲ್ಟಿಗೆ ನೀರು ಚಿಮುಕಿಸಿದರೂ ಸದ್ದು ಬದಲಾಗಲಿಲ್ಲ, ಹಾಗಾಗಿ ಬೆಲ್ಟ್ ಮೇಲೆ ಅನುಮಾನ ಕಮ್ಮಿ. ಈಗ ಅನುಮಾನ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಪುಲ್ಲಿ (ಬೆಲ್ಟ್ ಹಾಯುವ ಗಾಲಿ) ಮೇಲೆ, ಅದನ್ನು ಬಿಚ್ಚುವ ಸ್ಪೆಷಲ್ ಸಾಕೆಟ್ ಆರ್ಡರ್ ಮಾಡಿದ್ದೇನೆ.